ಹೊರಟಾಯಿತು ಎಂದವನು

"ಗುರುಗಳೇ, ವಿಮಾನ ಹೊರಡುವುದು ಮಧ್ಯಾಹ್ನದ ಮೇಲೆ. ಇಷ್ಟು ಬೇಗ ಹೋಗಿ ಅಲ್ಲಿ ಸುಮ್ಮನೆ ಕಾಯುವ ಬದಲು ಇನ್ನೊಂದಿಷ್ಟು ಹೊತ್ತು ನಿಮ್ಮ ಬಳಿ ಕುಳಿತರೆ ತಪ್ಪೇನು?"

ಹೀಗೆ ಶಿಷ್ಯ ಕೇಳಿದ. ಅವನ ತಂದೆ ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಹಿಂದೊಮ್ಮೆ ತಂದೆಯ ಮೇಲೆ ಮುನಿದು ಮನೆ ಬಿಟ್ಟು ಬಂದವನು ಇವನು. ಈಗ ಆ ತಂದೆಯೇ ಮಗನ ಮುಖ ನೋಡಬೇಕು ಎಂದು ಹೇಳಿ ಕಳಿಸಿದ್ದರು. ಚೀಲ ಕಟ್ಟಿ ಆಗಿತ್ತು. ಬೆಳಗಿನಿಂದ ಅದು ಜಗುಲಿಯ ಕಂಬದ ಬಳಿ ಇತ್ತು.

ಗುರು ಉತ್ತರ ಹೇಳುವಷ್ಟರಲ್ಲಿ ಶಿಷ್ಯನ ಫೋನು ಸದ್ದು ಮಾಡಿತು. ಅವನು ಜಗುಲಿಯ ತುದಿಗೆ ಹೋಗಿ ತಾಯಿಯೊಡನೆ ಎರಡು ಮಾತಾಡಿ, ಬಂದು ಮತ್ತೆ ಅದೇ ಜಾಗದಲ್ಲಿ ಕುಳಿತ.

ಗುರು ಅವನನ್ನು ಒಮ್ಮೆ ನೋಡಿದರು. "ಆಟೋಗೆ ಹೇಳಿ ಕಳಿಸಿದ್ದೇನೆ. ಅದು ಬರುವಷ್ಟರಲ್ಲಿ ಮುಗಿಯುವ ಒಂದು ಕತೆ ಇದೆ, ಕೇಳು" ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಸ್ವಂತ ಆಲೆಮನೆಯಿತ್ತು. ಬೆಲ್ಲದ ಹದ ನೋಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವನನ್ನು ಮೀರಿಸಿದವರಿರಲಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಪಾಕ ಏರುತ್ತಿದ್ದರೆ ಅವನು ಪಕ್ಕದಲ್ಲೇ ನಿಲ್ಲುತ್ತಿದ್ದ. ಮಗನ ಮದುವೆಯ ಮಾತುಕತೆಗೆ ಬೀಗರು ಬಂದು ಕುಳಿತಿದ್ದರೂ ಕದಲುತ್ತಿರಲಿಲ್ಲ. ಆಳುಗಳು ಬೀಡಿ ಹಚ್ಚಿಕೊಂಡು ಬರುವುದು ಸ್ವಲ್ಪ ತಡವಾದರೆ ಆಲೆಮನೆಯ ಚಾವಣಿಯ ಗರಿ ಹಾರಿಹೋಗುವಂತೆ ಗದರುತ್ತಿದ್ದ. "ಹದ ಏನು ನಿಮ್ಮಪ್ಪನ ಮನೆ ಆಳೇನ್ರಲಾ, ನೀವು ಬರೋಗಂಟ ಕಾಯ್ಕೊಂಡಿರಾಕೆ?" ಎನ್ನುತ್ತಿದ್ದ.

ಪಾಕದ ವಿಷಯದಲ್ಲಿ ಇಷ್ಟು ಬಿಗಿಯಾದ ಮನುಷ್ಯ ಪ್ರಯಾಣದ ವಿಷಯದಲ್ಲಿ ಅಷ್ಟೇ ಸಡಿಲ. ಅದು ಅವನೊಬ್ಬನ ತಪ್ಪೂ ಅಲ್ಲ. ಬೆಳಗಿನ ಬಸ್ಸು ಅವನ ಅಂಗಡಿಯ ಮುಂದೆಯೇ ನಿಲ್ಲುತ್ತಿತ್ತು. ಕಂಡಕ್ಟರು ಎರಡು ಸಲ ಸೀಟಿ ಊದುತ್ತಿದ್ದ. ನಮ್ಮ ಸಾಹುಕಾರರು ಒಳಗಿನಿಂದ "ಬಂದೆ" ಎನ್ನುತ್ತಿದ್ದರು. ಅವರು ಪಂಚೆ ಬಿಗಿದು, ಎಲೆಯ ತೊಟ್ಟು ಮುರಿದು ಬಿಸಾಡಿ, ವೀಳ್ಯ ಮಡಚಿ ಹೊರಗೆ ಬರುವತನಕ ಬಸ್ಸಿನ ತುಂಬ ಜನ ಬೆವರುತ್ತ ಕುಳಿತಿರುತ್ತಿದ್ದರು. ಒಬ್ಬರೂ ಪಿಟ್ಟೆನ್ನುತ್ತಿರಲಿಲ್ಲ. ಹೀಗಾಗಿ, ತಾನು ಹೋಗುವ ಹೊತ್ತಿಗೆ ವಾಹನ ಹೊರಡುತ್ತದೆ ಎಂದೇ ಅವನು ತಿಳಿದುಕೊಂಡಿದ್ದ.

ಅವನಿಗೆ ಒಬ್ಬಳೇ ತಂಗಿ. ತಂದೆ ಬೇಗ ತೀರಿಕೊಂಡದ್ದರಿಂದ ಅವಳನ್ನು ಸಾಕಿ, ಓದಿಸಿ, ಮದುವೆ ಮಾಡಿದವನು ಇವನೇ. ಅವಳು ಗಂಡನೊಂದಿಗೆ ಉತ್ತರದ ಒಂದು ದೊಡ್ಡ ಊರಿನಲ್ಲಿದ್ದಳು. ಒಂದು ಬುಧವಾರ ರಾತ್ರಿ ಅವಳ ಗಂಡ ಫೋನು ಮಾಡಿದ. ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆ, ಒಡೆದರೆ ಜೀವಕ್ಕೆ ಅಪಾಯ, ಶುಕ್ರವಾರ ಸಂಜೆ ಆಪರೇಷನ್ನು ಎಂದ. ಅದರ ಮೇಲೆ ಇನ್ನೊಂದು ಮಾತು ಹೇಳಿದ. ಅವಳ ರಕ್ತ ಬಹಳ ಅಪರೂಪದ್ದಂತೆ. ಯಾರದೆಂದರೆ ಅವರದು ಕೂಡುವುದಿಲ್ಲವಂತೆ. ಆಪರೇಷನ್ನಿನ ಹೊತ್ತಿಗೆ ಆಗಿಂದಾಗಲೇ ರಕ್ತ ಕೊಡಲು ಅದೇ ರಕ್ತದವರು ಒಬ್ಬರು ಆಸ್ಪತ್ರೆಯಲ್ಲೇ ಇರಬೇಕಂತೆ.

ವ್ಯಾಪಾರಿ ಮರುದಿನವೇ ಪರೀಕ್ಷೆ ಮಾಡಿಸಿದ. ಅವನದು ಅದೇ ರಕ್ತ.

"ನನ್ನ ಮೈಯಾಗಿರೋದೆಲ್ಲ ಅವಳಿಗೇ ತಗೊಳ್ಳಿ" ಎಂದು ಅವನು ಫೋನಿನಲ್ಲಿ ಅತ್ತ. ಆ ಮಾತು ಸುಳ್ಳಲ್ಲ. ತಂಗಿಗಾಗಿ ಪ್ರಾಣ ಕೊಡು ಎಂದರೆ ಕೊಡುತ್ತಿದ್ದ. ಆದರೆ ಅವನಿಂದ ಕೇಳಿದ್ದು ಪ್ರಾಣವನ್ನಲ್ಲ. ಶುಕ್ರವಾರ ಮಧ್ಯಾಹ್ನದ ವಿಮಾನ ಹತ್ತಬೇಕು ಎಂದು ಕೇಳಿದರು, ಅಷ್ಟೇ. ಪಕ್ಕದ ಪಟ್ಟಣದಿಂದ ದಿನಕ್ಕೆ ಒಂದೇ ವಿಮಾನ. ರೈಲಿನಲ್ಲಿ ಹೋದರೆ ಹೊತ್ತಿಗೆ ಮುಟ್ಟುವಂತಿರಲಿಲ್ಲ.

ಅವನಿಗೆ ವಿಮಾನವೆಂದರೆ ಭಯ. ಸಾಮಾನ್ಯ ಭಯವಲ್ಲ. ಕಾಲ ಕೆಳಗೆ ನೆಲವಿಲ್ಲ ಎಂದು ನೆನೆದರೇ ಅಂಗೈ ಬೆವರುತ್ತಿತ್ತು. ಚಿಕ್ಕಂದಿನಲ್ಲಿ ತಂಗಿ ಸೀಬೆಮರದ ತುದಿಗೆ ಹತ್ತಿ ಹಣ್ಣು ಕೀಳುತ್ತಿದ್ದರೆ ಇವನು ಕೆಳಗೆ ನಿಂತು ಇಳಿಯೇ ಎಂದು ಅಳುತ್ತಿದ್ದ. ಊರಿಗೆ ಊರೇ ಹೆದರುವ ಸಾಹುಕಾರನಿಗೆ ಎತ್ತರ ಕಂಡರೆ ಆಗದು ಎಂಬುದು ಆ ತಂಗಿಯೊಬ್ಬಳಿಗೆ ಗೊತ್ತಿತ್ತು. ಅದಕ್ಕೇ ಅವಳು ಗಂಡನ ಕೈಯಿಂದ ಫೋನು ಇಸಿದುಕೊಂಡು, "ಅಣ್ಣಯ್ಯ, ಕಣ್ಣು ಮುಚ್ಕೊಂಡು ಕೂತ್ಕೊ, ಅಷ್ಟೇಯ. ಕಣ್ಣು ಬಿಡೋದ್ರೊಳಗೆ ನನ್ನ ತಾವ ಇರ್ತೀಯ" ಎಂದಿದ್ದಳು. ನೋಡು, ಸಾವಿನ ಬಾಗಿಲಲ್ಲಿ ನಿಂತವಳು ಇವನಿಗೆ ಧೈರ್ಯ ಹೇಳಿದ್ದಳು.

ಹೆದರಿಕೆಗೆ ಒಂದು ಗುಣವಿದೆ. ಅದು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ವ್ಯಾಪಾರಿಯ ಮನೆಗೆ ಅದು ಪಂಚಾಂಗ ಹಿಡಿದುಕೊಂಡು ಬಂತು.

ಶುಕ್ರವಾರ ಅವನು ಮನೆ ಬಿಡಬೇಕಾದ ಹೊತ್ತಿಗೆ ಸರಿಯಾಗಿ ರಾಹುಕಾಲ. ಅದು ಗೊತ್ತಾದೊಡನೆ ಅವನು ಜೋಯಿಸರ ಬಳಿ ಓಡಿದ. ಇಂಥ ಹೊತ್ತಿನಲ್ಲಿ ಹೊರಡುವುದು ಹೇಗೆ ಎಂದು ಕೇಳಿದ. ಹೊರಡಬೇಡ ಎಂಬ ಮಾತು ಅವರ ಬಾಯಿಂದ ಬರಲಿ ಎಂದು ಒಳಗೊಳಗೇ ಆಸೆಪಟ್ಟ. ಜೋಯಿಸರು ತಿಳಿದವರು. ನಕ್ಕು ಹೇಳಿದರು: "ಅದಕ್ಯಾಕೆ ಅಷ್ಟು ಚಿಂತೆ ಸಾಹುಕಾರ್ರೆ? ಬೆಳಿಗ್ಗೆ ಒಳ್ಳೆ ಗಳಿಗೆಯಲ್ಲಿ ಪ್ರಸ್ಥಾನ ಇಟ್ಟುಬಿಡಿ. ಆಮೇಲೆ ರಾಹುಕಾಲವಾಗಲಿ ಯಮಗಂಡವಾಗಲಿ, ಹೊತ್ತಿಗೆ ಸರಿಯಾಗಿ ಹೊರಡಿ."

ಪ್ರಸ್ಥಾನ ಎಂದರೆ ನಿನಗೆ ಗೊತ್ತಿರಬಹುದು. ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮೊದಲು ಬರುವ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಚೀಲವನ್ನು ಪಕ್ಕದವರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊಸಿಲು ದಾಟಿದರೆ ಯಾತ್ರೆ ಆರಂಭವಾದಂತೆ. ಆಮೇಲೆ ಮನುಷ್ಯ ಯಾವಾಗ ಬೇಕಾದರೂ ಹೋಗಿ ಚೀಲ ಎತ್ತಿಕೊಂಡು ಮುಂದೆ ನಡೆಯಬಹುದು. ಚೀಲವನ್ನು ಮಾತ್ರ ಮತ್ತೆ ಮನೆಗೆ ತರಬಾರದು.

ವ್ಯಾಪಾರಿ ಹಾಗೇ ಮಾಡಿದ. ಶುಕ್ರವಾರ ಬೆಳಿಗ್ಗೆ ಬಟ್ಟೆ, ಒಂದು ತೆಂಗಿನಕಾಯಿ, ತಂಗಿಗೆಂದು ಒಂದು ಅಚ್ಚು ಬೆಲ್ಲ ಚೀಲಕ್ಕೆ ಹಾಕಿದ. ಮರೆಯಬಾರದೆಂದು ಆಧಾರ್ ಕಾರ್ಡನ್ನೂ ಅದರಲ್ಲೇ ಇಟ್ಟ. ಅದಿಲ್ಲದೆ ವಿಮಾನ ನಿಲ್ದಾಣದ ಒಳಗೆ ಬಿಡುವುದಿಲ್ಲವೆಂದು ಎಲ್ಲರೂ ಹೇಳಿದ್ದರು. ಚೀಲವನ್ನು ಪಕ್ಕದ ಮನೆಯ ಪುಟ್ಟತಾಯಮ್ಮನ ದೇವರ ಗೂಡಿನ ಮುಂದೆ ಇಟ್ಟು ಕೈಮುಗಿದ. ಪುಟ್ಟತಾಯಮ್ಮ ಒಂಟಿ ಮುದುಕಿ.

"ಹತ್ತೂವರೆಗೆ ಬಂದು ಎತ್ಕೊತೀನಿ ಕಣಮ್ಮ" ಎಂದ.

"ಬಾ ಮಗ. ಹತ್ತೂವರೆಗಂಟ ಇಲ್ಲೇ ಇರ್ತೀನಿ. ಆಮೇಲೆ ಅಮ್ಮನೋರ ಗುಡಿಗೆ ಹೋಯ್ತೀನಿ. ಶುಕ್ರವಾರ ತಪ್ಸಂಗಿಲ್ಲ ನಾನು" ಎಂದಳು ಮುದುಕಿ.

ಅವನು ಮನೆಗೆ ಬಂದು ಕುಳಿತ. ಕುಳಿತ ಮೇಲೆ ಅವನಿಗೆ ಏನೋ ಹಗುರವಾಯಿತು. ಚೀಲ ಹೋಗಿದೆ, ಅಂದರೆ ತಾನು ಹೊರಟಾಯಿತು. ಇನ್ನು ಉಳಿದದ್ದು ಬರೀ ಹೋಗುವುದು.

ಅಷ್ಟರಲ್ಲಿ ತಂಗಿಯ ಗಂಡನ ಫೋನು ಬಂತು. "ಭಾವ, ಹೊರಟ್ರಾ?"

"ಹೊರಟಾಯ್ತು ಕಣಪ್ಪ."

"ದಾರೀಲಿದ್ದೀರಾ?"

"ಹ್ಞೂಂ. ಹೊರಟಾಯ್ತು ಅಂದೆನಲ್ಲ. ನೀನು ಅವಳನ್ನ ನೋಡ್ಕೊ."

ಇದನ್ನು ಅವನು ಸುಳ್ಳು ಎಂದುಕೊಳ್ಳಲಿಲ್ಲ. ಪ್ರಸ್ಥಾನ ಇಟ್ಟವನು ಶಾಸ್ತ್ರದ ಪ್ರಕಾರ ಹೊರಟವನೇ ತಾನೆ? ನಮ್ಮಲ್ಲಿ ಸ್ನಾನದ ಮನೆಯಲ್ಲಿ ನಿಂತು "ದಾರಿಯಲ್ಲಿದ್ದೇನೆ" ಎನ್ನುವವರಿಗೆ ಶಾಸ್ತ್ರವೂ ಬೇಕಾಗುವುದಿಲ್ಲ. ಇವನಿಗೆ ಅದಾದರೂ ಇತ್ತು.

ಕಾರು ಬಂದು ಬಾಗಿಲಲ್ಲಿ ನಿಂತಿತು. ಅವನು ಎದ್ದ. ಹಲ್ಲಿ ಲೊಚಗುಟ್ಟಿತು. ಅವನು ಕುಳಿತ. ಮತ್ತೆ ಎದ್ದ. ಬೀದಿಯಲ್ಲಿ ಯಾರೋ ಸೀನಿದರು. ಕುಳಿತು ಒಂದು ಲೋಟ ನೀರು ಕುಡಿದ. ಆಮೇಲೆ ಹೊಟ್ಟೆ ಬರಿದಾಗಿರಬಾರದು ಎಂದು ಮೊಸರವಲಕ್ಕಿ ಕೇಳಿದ. ಅದನ್ನು ಒಂದೊಂದೇ ತುತ್ತಾಗಿ ಅಗಿದ. ಅಗಿಯುವುದಕ್ಕೆ ಅವಲಕ್ಕಿಯಲ್ಲಿ ಏನಿದೆ? ಆದರೂ ಅಗಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಿಗೆ ನೆಲವೊಂದೇ ಸಿಕ್ಕಿತ್ತು. ಇವನಿಗೆ ಹಲ್ಲಿ, ಸೀನು, ಅವಲಕ್ಕಿ ಎಲ್ಲವೂ ಸಿಕ್ಕವು.

ಹೆಂಡತಿ ನೋಡುವಷ್ಟು ನೋಡಿದಳು. ಹತ್ತಿರ ಬಂದು ಮೆಲ್ಲನೆ ಕೇಳಿದಳು. "ನಿಮಗೇನಾರ ಭಯ ಆಗ್ತದಾ? ನಾನೂ ಜೊತೇಲಿ ಬರ್ಲಾ?"

ಅದು ಅವನಿಗೆ ಸಿಕ್ಕ ಒಳ್ಳೆಯ ಗಳಿಗೆ. ಪಂಚಾಂಗದಲ್ಲಿ ಇಲ್ಲದ ಗಳಿಗೆ. ಹೌದು, ಭಯ ಎಂದು ಒಂದು ಮಾತು ಅಂದಿದ್ದರೆ ಅವಳು ಕೈಹಿಡಿದು ಎಬ್ಬಿಸುತ್ತಿದ್ದಳು. ಅವನು ತಟ್ಟೆ ತಳ್ಳಿ ಎದ್ದ. "ನಂಗ್ಯಾವ ಭಯ? ಹೊಂಟೋನ ಹಿಂದೆ ಕರೆದು ಅಪಶಕುನ ಮಾಡ್ತೀಯಾ?" ಎಂದು ಗದರಿದ. ಹಿಂದೆ ಕರೆದದ್ದಕ್ಕೆ ಪರಿಹಾರವೆಂದು ಮತ್ತೆ ಒಂದಿಷ್ಟು ಹೊತ್ತು ಕುಳಿತ.

ಕೊನೆಗೆ ಅವನು ಮನೆ ಬಿಟ್ಟು ಪಕ್ಕದ ಮನೆಗೆ ಬಂದಾಗ ಪುಟ್ಟತಾಯಮ್ಮನ ಬಾಗಿಲಿಗೆ ಬೀಗ ಹಾಕಿತ್ತು.

ಈಗ ನಾನು ಹೇಳುವುದನ್ನು ಗಮನವಿಟ್ಟು ಕೇಳು. ಆ ಬೀಗ ಕಂಡಾಗ ಅವನಿಗೆ ಮೊದಲು ಆದದ್ದು ಗಾಬರಿಯಲ್ಲ. ಸಮಾಧಾನ. ಎದೆಯ ಮೇಲಿನ ಕಲ್ಲು ಇಳಿಸಿದಂಥ ಸಮಾಧಾನ. ಇನ್ನು ನನ್ನ ಕೈಯಲ್ಲಿ ಏನಿದೆ, ಬೀಗ ಹಾಕಿದೆಯಲ್ಲ ಎಂದು ಅವನ ಮನಸ್ಸು ಅಂದುಕೊಂಡಿತು. ಆ ಮಾತು ಅವನ ಕಿವಿಗೇ ಕೇಳಿಸಿದಂತಾಯಿತು. ಆಗ ಅವನು ಬೆಚ್ಚಿದ. ಅತ್ತ ಆಪರೇಷನ್ನಿನ ಮೇಜಿನ ಮೇಲೆ ತಂಗಿ ಮಲಗುತ್ತಾಳೆ, ಇತ್ತ ಬೀಗ ನೋಡಿ ನನಗೆ ನೆಮ್ಮದಿಯಾಯಿತು, ನಾನೆಂಥ ಮನುಷ್ಯ ಎಂದು ಅವನಿಗೆ ತನ್ನನ್ನು ಕಂಡೇ ಭಯವಾಯಿತು. ವಿಮಾನದ ಭಯ ಇದರ ಮುಂದೆ ಏನೂ ಅಲ್ಲ.

ಬೀಗ ಹಿಡಿದು ಎಳೆದ. ಒಡೆಯಲು ಕಲ್ಲು ಎತ್ತಿಕೊಂಡ. ಶುಕ್ರವಾರ, ಮುತ್ತೈದೆಯರು ದೀಪ ಹಚ್ಚುವ ದಿನ, ಒಂಟಿ ಮುದುಕಿಯ ಮನೆಯ ಬೀಗ ಒಡೆಯುವುದೇ ಎಂದು ಕಲ್ಲು ಕೆಳಗಿಟ್ಟ. ಡ್ರೈವರನನ್ನು ಗುಡಿಗೆ ಓಡಿಸಿದ. ತಾನು ಜಗುಲಿಯ ಮೇಲೆ ಕುಕ್ಕರಿಸಿದ. ಬಾಗಿಲ ಸಂದಿನಿಂದ ನೋಡಿದರೆ ಒಳಗೆ ದೇವರ ಗೂಡಿನ ಮುಂದೆ ಚೀಲ ಕಾಣುತ್ತಿತ್ತು. ಒಳ್ಳೆಯ ಗಳಿಗೆಯಲ್ಲಿ ಹೊರಟ ಚೀಲ ಅಲ್ಲೇ ಕುಳಿತಿತ್ತು.

ಮುದುಕಿ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚುತ್ತ ಓಡೋಡಿ ಬಂದಳು. ಅವಳಿಗೆ ಏದುಸಿರು. "ಕಾದೆ ಕಣಪ್ಪ. ಹತ್ತೂವರೆ ಆದ್ಮೇಲೂ ಕಾದೆ. ಬಾಗಿಲಲ್ಲಿ ಕಾರು ನಿಂತೇ ಇತ್ತು, ನೀನು ಬರ್ನಿಲ್ಲ. ಹೊರಡೋದು ನಿಂತೋಯ್ತೇನೋ ಅಂದ್ಕೊಂಡೆ" ಎಂದಳು. ಅವಸರಕ್ಕೆ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಅವನು ಚೀಲ ಎತ್ತಿಕೊಂಡು ಕಾರಿನೊಳಗೆ ಬಿದ್ದ.

ಊರಾಚೆ ಕಬ್ಬಿನ ಗಾಡಿಗಳ ಸಾಲು ರಸ್ತೆ ತುಂಬ ನಿಂತಿತ್ತು. ಅವು ಅವನ ಆಲೆಮನೆಗೇ ಹೋಗುವ ಗಾಡಿಗಳು. ಗಾಡಿಯವರು ಸಾಹುಕಾರರನ್ನು ಕಂಡು ನಮಸ್ಕಾರ ಮಾಡಿದರು. ಒಬ್ಬನಂತೂ ಮಾತಾಡಿಸಲು ಗಾಡಿಯಿಂದ ಇಳಿದೇ ಬಂದ. ಇವನು ಕಿಟಕಿಯಿಂದ ತಲೆ ಹೊರಗೆ ಹಾಕಿ "ದಾರಿ ಬಿಡ್ರೋ, ಕಾಲಿಗೆ ಬೀಳ್ತೀನಿ" ಎಂದ. ಅವರು ಗಾಬರಿಯಾಗಿ ಎತ್ತುಗಳನ್ನು ಪಕ್ಕಕ್ಕೆ ಹೊಡೆದರು. ಅವನ ಬಾಯಿಂದ ಆ ಮಾತನ್ನು ಅವರು ಎಂದೂ ಕೇಳಿರಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಕಾರ್ಡು ನೋಡಿ ಒಳಗೆ ಬಿಟ್ಟ. ಒಳಗೆ ಕೌಂಟರಿನ ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಅವಳ ಹಿಂದಿನ ಗಾಜಿನಾಚೆ ವಿಮಾನ ಕಾಣುತ್ತಿತ್ತು. ಅದು ನೆಲದ ಮೇಲೆಯೇ ಇತ್ತು. ಅವನಿಗೆ ಹೋದ ಜೀವ ಬಂದಂತಾಯಿತು.

"ಸರ್, ಕೌಂಟರ್ ಕ್ಲೋಸ್ ಆಗಿದೆ" ಎಂದಳು ಹುಡುಗಿ.

"ಯಾಕವ್ವ? ವಿಮಾನ ಇನ್ನೂ ಅಲ್ಲೇ ಅದಲ್ಲ!"

"ಇದೆ ಸರ್. ಆದರೆ ಹೊರಡೋಕೆ ತುಂಬ ಮುಂಚೆಯೇ ಕೌಂಟರ್ ಕ್ಲೋಸ್ ಮಾಡ್ತೀವಿ. ಈಗ ವಿಮಾನದ ಬಾಗಿಲೂ ಹಾಕಿದ್ದಾರೆ. ಹಾಕಿದ ಮೇಲೆ ಯಾರಿಗೂ ತೆಗೆಯಲ್ಲ."

ಅವನು ತನ್ನ ಹೆಸರು ಹೇಳಿದ. ಊರು ಹೇಳಿದ. ಆ ಹುಡುಗಿಗೆ ಎರಡೂ ಗೊತ್ತಿರಲಿಲ್ಲ. ಆಮೇಲೆ ತಂಗಿಯ ವಿಷಯ ಹೇಳಿದ. ಅಂಗಿಯ ತೋಳು ಮೇಲಕ್ಕೆ ಸರಿಸಿ ರಕ್ತದ ನಾಳ ತೋರಿಸಿದ. ಹುಡುಗಿ ಫೋನೆತ್ತಿ ಯಾರೊಂದಿಗೋ ಮಾತಾಡಿದಳು, ಬೇಡಿಕೊಂಡಳು, ಫೋನಿಟ್ಟಳು.

"ಹತ್ತು ನಿಮಿಷ ಮುಂಚೆ ಬಂದಿದ್ದರೆ ನಾನೇ ನಿಮ್ಮನ್ನು ಓಡಿಸಿಕೊಂಡು ಹೋಗಿ ಹತ್ತಿಸ್ತಿದ್ದೆ ಸರ್" ಎಂದಳು. ಅವಳ ಕಣ್ಣು ತುಂಬಿತ್ತು. ಬೇರೆಯವರ ತಡಕ್ಕೆ ಅವಳು ಯಾಕೆ ಅಳಬೇಕಾಗಿತ್ತು?

ಅವನು ಗಾಜಿನ ಬಳಿ ಹೋಗಿ ನಿಂತ. ವಿಮಾನ ಕೂಡಲೇ ಹೊರಡಲಿಲ್ಲ. ಅದೇ ದೊಡ್ಡ ಶಿಕ್ಷೆ. ಬೆಲ್ಲದ ಅಂಗಡಿಯ ಮುಂದೆ ನಿಲ್ಲುವ ಬಸ್ಸಿನ ಹಾಗೆ ನಿಂತೇ ಇತ್ತು. ಈಗ ಬಾಗಿಲು ತೆಗೆಯುತ್ತಾರೆ, ಈಗ ಯಾರೋ ಸೀಟಿ ಊದಿ ಕರೆಯುತ್ತಾರೆ ಎಂದು ಅವನು ಕಾದ. ಹದ ಏನು ನಿಮ್ಮಪ್ಪನ ಮನೆ ಆಳೇನ್ರಲಾ ಎಂದು ತಾನು ಗದರುತ್ತಿದ್ದ ಮಾತು ಯಾರೋ ಬೆನ್ನ ಹಿಂದಿನಿಂದ ಅಂದಂತಾಯಿತು. ತಿರುಗಿ ನೋಡಿದ. ಯಾರೂ ಇರಲಿಲ್ಲ.

ವಿಮಾನ ಮೆಲ್ಲನೆ ಚಲಿಸಿತು. ಇಷ್ಟು ದಿನ ಹೆಸರು ಕೇಳಿದರೆ ಬೆವರುತ್ತಿದ್ದವನು ಈಗ ಅದರ ರೆಕ್ಕೆ ಹಿಡಿದು ನೇತಾಡಿಕೊಂಡಾದರೂ ಹೋಗಲು ಸಿದ್ಧನಿದ್ದ. ಅದು ಓಡಿತು, ಎದ್ದಿತು, ಹೋಯಿತು.

ಆಗಲೇ ಫೋನು ಬಂತು.

"ಭಾವ, ಹತ್ತಿದ್ರಾ? ಹೊರಟಿತಾ?"

ಹೊರಟಿತು ಎನ್ನಬಹುದಾಗಿತ್ತು. ಆ ಮಾತು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅಂಥ ಸುಳ್ಳಲ್ಲದ ಮಾತು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ತಪ್ಪೋಯ್ತು ಕಣಪ್ಪ" ಎಂದ.

ಆಗ ತಂಗಿಯ ಗಂಡ ಹೇಳಿದ. ಅದೇ ರಕ್ತದ ಒಬ್ಬ ಮೇಷ್ಟ್ರು ಆ ಊರಿನಲ್ಲೂ ಇದ್ದರಂತೆ. ವಿಷಯ ತಿಳಿದು ತಾವಾಗಿಯೇ ಬೆಳಿಗ್ಗೆ ಆಸ್ಪತ್ರೆಗೆ ಬಂದು ಅಂಗಿಯ ತೋಳು ಮಡಚಿಕೊಂಡು ಕುಳಿತಿದ್ದರಂತೆ. ಬೇಕಾದರೆ ಇರುತ್ತೇನೆ, ಬೇಡವಾದರೆ ಮಗಳ ಮದುವೆಗೆ ಊರಿಗೆ ಹೋಗುವವನಿದ್ದೇನೆ ಎಂದರಂತೆ. "ನಮ್ಮ ಭಾವ ಹೊರಟಾಯ್ತು ಅಂದ್ರು, ದಾರೀಲಿದ್ದಾರೆ, ನೀವು ಮದುವೆಗೆ ಹೋಗಿ ಸ್ವಾಮಿ ಅಂತ ನಾನೇ ಕಳಿಸಿಬಿಟ್ಟೆ ಭಾವ" ಎಂದ.

"ಅವರನ್ನ ವಾಪಸ್ ಕರಿಯಪ್ಪ! ಈಗ್ಲೇ ಕರಿ!"

ಕರೆದರು. ಮೇಷ್ಟ್ರ ಫೋನು ಸ್ವಿಚ್ ಆಫ್ ಆಗಿತ್ತು. ಅವರು ಹೊತ್ತಿಗೆ ಸರಿಯಾಗಿ ಹೋಗಿ ತಮ್ಮ ವಿಮಾನ ಹತ್ತಿದ್ದರು.

ವ್ಯಾಪಾರಿ ಕಾರಿನಲ್ಲಿ ದೊಡ್ಡ ಪಟ್ಟಣಕ್ಕೆ ಓಡಿದ. ಅಲ್ಲಿ ವಿಮಾನ ಹೊರಡುವುದಕ್ಕೆ ಎಷ್ಟೋ ಮೊದಲೇ ಹೋಗಿ ಎಲ್ಲರಿಗಿಂತ ಮುಂದೆ ನಿಂತ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ. ವಿಮಾನದಲ್ಲಿ ಅವನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ನೆಲ ಕೆಳಗೆ ಸರಿದು ಇಲ್ಲವಾಯಿತು. ಅವನಿಗೆ ಏನೂ ಅನ್ನಿಸಲಿಲ್ಲ. ಆ ಭಯ ಇದ್ದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಂದು ಕುಳಿತಿತ್ತು. ಕಣ್ಣು ಮುಚ್ಚಿಕೋ ಎಂದು ತಂಗಿ ಹೇಳಿದ್ದಳು. ಮುಚ್ಚಿದರೆ ಅವಳೇ ಕಾಣುತ್ತಿದ್ದಳು. ಅವನು ದಾರಿಯುದ್ದಕ್ಕೂ ಕಣ್ಣು ಬಿಟ್ಟುಕೊಂಡೇ ಕುಳಿತಿದ್ದ.

ಅವನು ತಲುಪಿದಾಗ ಬೆಳಗಾಗಿತ್ತು. ತಂಗಿಯ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಇವನನ್ನು ಕಂಡು ಏಳಲಿಲ್ಲ. ಕೇಳುವುದು ಏನೂ ಉಳಿದಿಲ್ಲವೆಂದು ಆ ಕುಳಿತ ರೀತಿಯಲ್ಲೇ ತಿಳಿಯಿತು. ಗಡ್ಡೆ ಒಡೆದಿತ್ತು. ವೈದ್ಯರು ಕಾಯುವಷ್ಟು ಕಾದು, ಕಾಯಲಾಗದೆ ಕೈಹಾಕಿದ್ದರು. ರಕ್ತ ಸಾಲದೆ ಅವಳು ತೀರಿಕೊಂಡಿದ್ದಳು.

ವ್ಯಾಪಾರಿ ಕೆಳಗಿನ ಮೆಟ್ಟಿಲ ಮೇಲೆ ಕುಸಿದ. ಚೀಲದೊಳಗಿನ ತೆಂಗಿನಕಾಯಿ ಕಲ್ಲಿಗೆ ತಾಗಿ ಸದ್ದಾಯಿತು. ಅವನು, "ನನ್ನ ಕೇಳಿದ್ಲಾ?" ಎಂದ.

"ಕೇಳಿದ್ಲು ಭಾವ. ಮಧ್ಯಾಹ್ನ ಕೇಳಿದ್ಲು. ಹೊರಟಾಯ್ತಂತೆ ಅಂದೆ. ಹಂಗಾದ್ರೆ ನಂಗೇನೂ ಭಯ ಇಲ್ಲ ಬಿಡಿ ಅಂದ್ಲು. ಆಮೇಲೆ ನಿಮ್ಮ ವಿಮಾನ ತಪ್ಪಿದ್ದು ಗೊತ್ತಾಯ್ತು. ಅವಳಿಗೆ ನಾನು ಹೇಳ್ಲಿಲ್ಲ." ಅವನೇ ಮತ್ತೆ ಹೇಳಿದ. "ಒಳಗೆ ಕರ್ಕೊಂಡು ಹೋಗೋವಾಗ ಬಾಗಿಲ ಕಡೆ ನೋಡ್ತಾನೇ ಇದ್ಲು."

ವ್ಯಾಪಾರಿ ಊರಿಗೆ ಹಿಂದಿರುಗಿದ. ಆಲೆಮನೆ ನಡೆಯಿತು, ಬೆಲ್ಲ ಮಾರಾಟವಾಯಿತು. ಆದರೆ ಬೆಳಗಿನ ಬಸ್ಸು ಅಂಗಡಿಯ ಮುಂದೆ ನಿಂತು ಸೀಟಿ ಊದಿದರೆ ಅವನು ಬೆಚ್ಚಿ ಎದ್ದು, "ಹೋಗಪ್ಪ, ಹೋಗು, ನಿಲ್ಬೇಡ" ಎಂದು ಎರಡೂ ಕೈ ಬೀಸುತ್ತಿದ್ದ. ಜನ ಸಾಹುಕಾರರ ತಲೆ ಕೆಟ್ಟಿದೆ ಎಂದರು.

ಕತೆ ಮುಗಿಯಿತು.

ಶಿಷ್ಯನ ಮುಖ ಕಳೆಗುಂದಿತ್ತು. ಅವನು, "ಹಾಗಾದರೆ ಪ್ರಸ್ಥಾನ ಇಟ್ಟದ್ದೇ ತಪ್ಪಾಯಿತೇ ಗುರುಗಳೇ?" ಎಂದು ಕೇಳಿದ.

"ಪ್ರಸ್ಥಾನದ ಶಾಸ್ತ್ರ ಮಾಡಿದ ಹಿರಿಯರು ಜಾಣರಪ್ಪ" ಎಂದರು ಗುರು. "ಕೆಟ್ಟ ಗಳಿಗೆಯ ಹೆದರಿಕೆಯಿಂದ ಯಾರೂ ಮನೆಯಲ್ಲೇ ಕುಳಿತುಬಿಡಬಾರದು ಎಂದು ಅದನ್ನು ಮಾಡಿದರು. ಇವನು ಅದನ್ನೇ ಕೂರುವುದಕ್ಕೆ ಮಣೆ ಮಾಡಿಕೊಂಡ."

ಆಟೋ ಬಂದು ಬಾಗಿಲಲ್ಲಿ ನಿಂತಿತು. ಚಾಲಕ ಹಾರ್ನ್ ಮಾಡಿದ. ಶಿಷ್ಯ ಕಂಬದ ಬಳಿಯ ಚೀಲದ ಕಡೆ ನೋಡಿದ, ಬೀದಿಯ ಕಡೆ ನೋಡಿದ, ಆದರೆ ಏಳಲಿಲ್ಲ. "ಅವನು ತಂಗಿಗೆ ಎಂಥ ಮೋಸ ಮಾಡಿದ" ಎಂದ.

ಗುರು ಮೇಲೆದ್ದು, ತಾವೇ ಹೋಗಿ ಅವನ ಚೀಲ ಎತ್ತಿ ಅವನ ಕೈಗೆ ಕೊಟ್ಟು ಕೇಳಿದರು:

"ಈಗಷ್ಟೇ ಫೋನಿನಲ್ಲಿ ನಿನ್ನ ತಾಯಿಗೆ ನೀನು ಏನೆಂದು ಹೇಳಿದೆ?"